ಸೈಕಲ್ಲೂ ಹಡಿಲು ಗದ್ದೆಯೂ

ನಲವತ್ತಾರು ದಾಟಿದ ಮೇಲೆ ಮನುಷ್ಯನು ಹೊಸದಾಗಿ ಕಲಿಯಬಹುದಾದ ವಿದ್ಯೆಗಳು ಹೆಚ್ಚೇನೂ ಉಳಿದಿರುವುದಿಲ್ಲ. ಕಲಿತದ್ದನ್ನು ಮರೆಯದಿದ್ದರೆ ಅದೇ ದೊಡ್ಡದು. ಅಂಥದರಲ್ಲಿ ಇಪ್ಪತ್ತು ವರ್ಷ ಮುಟ್ಟದೆ ಬಿಟ್ಟಿದ್ದ ಸೈಕಲ್ ಸವಾರಿಯನ್ನು ನಾನು ಮತ್ತೆ ಹಿಡಿದೆನೆಂದರೆ ಅದಕ್ಕೆ ಸಾಹಸಬುದ್ಧಿ ಕಾರಣವಲ್ಲ. ರಕ್ತದಲ್ಲಿ ಸಕ್ಕರೆ ಸೇರಿತ್ತು. ವೈದ್ಯರು, “ನಡೆಯಿರಿ, ಇಲ್ಲವೆ ಸೈಕಲ್ ತುಳಿಯಿರಿ, ಎರಡೂ ಆಗದಿದ್ದರೆ ಮಾತ್ರೆ ನುಂಗಿರಿ” ಎಂದು ಮೂರು ದಾರಿ ತೋರಿಸಿದರು. ತರಗತಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ನಿಂತು ಬರುವ ಕಾಲುಗಳಿಗೆ ಮತ್ತೆ ನಡಿಗೆಯೆಂದರೆ ಒಲ್ಲೆ ಎನ್ನುತ್ತವೆ. ಮಾತ್ರೆಗೆ ಮನಸ್ಸು ಒಗ್ಗದು. ಉಳಿದದ್ದು ಜಗಲಿಯ ಮೂಲೆಯಲ್ಲಿ ಒರಗಿದ್ದ ಮಗಳ ಸೈಕಲ್ಲು.

2020ರಲ್ಲಿ ಶಾಲೆಗಳೆಲ್ಲ ಮುಚ್ಚಿ ಮಕ್ಕಳು ಮನೆಯಲ್ಲಿ ಕೂತು ಬೇಸತ್ತಿದ್ದಾಗ ಎಷ್ಟೋ ಮನೆಗಳಿಗೆ ಒಂದೊಂದು ಗೇರ್ ಸೈಕಲ್ ಬಂತಲ್ಲ, ಆಗ ನಮ್ಮ ಮನೆಗೂ ಬಂದದ್ದು ಅದು. ಬೆಟ್ಟ ಹತ್ತುವ ಸೈಕಲ್ಲೆಂದು ಅಂಗಡಿಯವನು ಹೇಳಿದ್ದ. ನಮ್ಮ ಕೋಡಿಗೆ ಬೆಟ್ಟ ಎಲ್ಲಿಂದ ಬರಬೇಕು? ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ನಾಲಗೆಯ ಹಾಗೆ ಚಾಚಿದ ಮರಳು. ಆ ಮರಳಿನ ಮೇಲೆ ತೆಂಗು, ಮೀನುಗಾರರ ಮನೆಗಳು, ನಮ್ಮಂಥವರ ನಾಲ್ಕು ಮನೆಗಳು, ಒಂದು ದೀಪಸ್ತಂಭ. ಊರಿನಲ್ಲಿ ಹತ್ತಬಹುದಾದ ಎತ್ತರವೆಂದರೆ ಆ ದೀಪಸ್ತಂಭವೊಂದೇ, ಅದನ್ನು ಸೈಕಲ್ಲಿನಲ್ಲಿ ಹತ್ತಲು ಬಾರದು. ಮಗಳು ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದಳು. ಕೋಡಿಯ ಉಪ್ಪುಗಾಳಿಗೆ ದಾಕ್ಷಿಣ್ಯವೆಂಬುದಿಲ್ಲ. ಕಿಟಕಿಯ ಸರಳನ್ನು ತಿಂದ ಹಾಗೆಯೇ ಸೈಕಲ್ಲಿನ ಚೈನನ್ನೂ ತಿನ್ನತೊಡಗಿತ್ತು.

ಕುಂದಾಪುರದ ಅಂಗಡಿಯಲ್ಲಿ ಚೈನು ಬದಲಿಸಿ ಎಣ್ಣೆ ಹಾಕಿಸಿಕೊಂಡು ಬಂದೆ. ಅದಕ್ಕೆ ಇಪ್ಪತ್ತೊಂದು ಗೇರುಗಳಿವೆ. ನಾನು ಬಳಸುವುದು ಎರಡನ್ನು. ಶಬ್ದಮಣಿದರ್ಪಣದ ಸೂತ್ರಗಳನ್ನೆಲ್ಲ ವರ್ಷವರ್ಷವೂ ಪಾಠ ಹೇಳುವವನು ಮನೆಗೆ ಬಂದು ಕಾಫಿ ಕೇಳುವಾಗ ಎಷ್ಟು ಸೂತ್ರಗಳನ್ನು ಬಳಸುತ್ತಾನೆ, ಹೇಳಿ. ಮುಂದೆ ಸ್ಪ್ರಿಂಗು, ದಪ್ಪ ಹಲ್ಲಿನ ಅಗಲವಾದ ಟೈರು. ಆದರೆ ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಬೆಲ್ಲಿಲ್ಲ. ಅಪ್ಪಯ್ಯನ ಅಟ್ಲಾಸ್ ಸೈಕಲ್ಲಿನಲ್ಲಿ ಇವೆಲ್ಲವೂ ಇದ್ದವು. ಮುಂದಿನ ಬಾರಿನ ಮೇಲೆ ಅಣ್ಣ, ಹಿಂದೆ ಕ್ಯಾರಿಯರಿನ ಮೇಲೆ ಗಿರಣಿಗೆ ಒಯ್ಯುವ ಭತ್ತದ ಚೀಲ, ಚೀಲದ ಮೇಲೆ ನಾನು. ಆ ಅಟ್ಲಾಸಿನವರ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು ಮುಚ್ಚಿತು. ಆ ದಿನ ವಿಶ್ವ ಸೈಕಲ್ ದಿನವೂ ಆಗಿತ್ತು. ನಾನು ಆ ಸುದ್ದಿ ಓದಿದ್ದು ಮಗಳಿಗೆ ಈ ಹೊಸ ಸೈಕಲ್ ತಂದ ವಾರದಲ್ಲೇ.

ಮೊದಲ ದಿನ ಮನೆಯಿಂದ ನೂರು ಮಾರು ಹೋಗುವಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೊಬ್ಬರು ನಿಂತು, “ಹ್ವಾಯ್ ಮಾಷ್ಟ್ರೇ, ಕಾರು ಮಾರಿದ್ರ್ಯಾ?” ಎಂದು ಕೇಳಿದರು. ದನಿಯಲ್ಲಿ ನಿಜವಾದ ಕನಿಕರವಿತ್ತು. ನಮ್ಮಲ್ಲಿ ಸೈಕಲ್ ತುಳಿಯುವವನು ಒಂದೋ ಶಾಲೆಯ ಹುಡುಗನಾಗಿರಬೇಕು, ಇಲ್ಲವೆ ದಿವಾಳಿಯಾದವನಾಗಿರಬೇಕು. ಮೂರನೆಯದೊಂದು ವರ್ಗ ಬೆಂಗಳೂರಿನಲ್ಲಿ, ಮಣಿಪಾಲದಲ್ಲಿ ಇದೆ. ಅವರು ಬಿಗಿಯಾದ ಬಣ್ಣದ ಅಂಗಿ ತೊಟ್ಟು ತಲೆಗೆ ಬುರುಡೆ ಕಟ್ಟಿಕೊಂಡಿರುತ್ತಾರೆ. ನಾನು ಪಂಚೆ ಬಿಟ್ಟು ಹಳೆಯ ಪ್ಯಾಂಟು ಹಾಕಿಕೊಳ್ಳುವ ಮಟ್ಟಿಗೆ ಮಾತ್ರ ಸುಧಾರಿಸಿದ್ದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ಪೇನ್ ದೇಶದ ಬಾರ್ಸೆಲೋನ ಪಟ್ಟಣದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನಾನು ಸೈಕಲ್ ಹಿಡಿದ ಸುದ್ದಿ ಹೇಗೋ ಅವನಿಗೆ ಮುಟ್ಟಿತು. ಅವನೂ ರಜಾದಿನಗಳಲ್ಲಿ ಇಂಥದೇ ಸೈಕಲ್ಲಿನಲ್ಲಿ ಹಳ್ಳಿಗಾಡು ಸುತ್ತುತ್ತಾನಂತೆ. ವಾಟ್ಸಪ್ಪಿನಲ್ಲಿ ಚಿತ್ರಗಳು ಬಂದವು: ಕೊಯ್ದು ಮುಗಿದ ಗೋಧಿಯ ಹೊಲ, ಸಾಲು ಹಿಡಿದು ನೆಟ್ಟ ಆಲಿವ್ ಮರಗಳು, ಗುಡ್ಡದ ನೆತ್ತಿಯಲ್ಲಿ ಕಲ್ಲುಮನೆಗಳ ಊರು, ನಡುವೆ ಇಗರ್ಜಿಯ ಗೋಪುರ. ತೆರುಯೆಲ್ ಸೀಮೆಯಿಂದ ಸಮುದ್ರದ ಕಡೆಗೆ ಹಿಂದೆ ಗಣಿಯ ಅದಿರು ಹೊರುತ್ತಿದ್ದ ರೈಲುದಾರಿಯನ್ನು ಈಗ ಸೈಕಲ್ಲಿನವರಿಗೆ ಬಿಟ್ಟುಕೊಟ್ಟಿದ್ದಾರೆ. ಸುರಂಗಗಳ ಒಳಗೇ ತುಳಿದುಕೊಂಡು ಹೋಗಬಹುದಂತೆ. ಚಿತ್ರಗಳು ಚೆಲುವಾಗಿದ್ದವು. ಆದರೆ ಹತ್ತು ಹನ್ನೆರಡು ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ. “ಜನರೆಲ್ಲ ಎಲ್ಲಯ್ಯಾ?” ಎಂದು ಕೇಳಿದೆ. “ಪಟ್ಟಣಕ್ಕೆ ಹೋದರು ಸರ್. ಈ ಸೀಮೆಗೆಲ್ಲ ಖಾಲಿ ಸ್ಪೇನ್ ಎಂದೇ ಹೆಸರು” ಎಂದ. ಸೆರ್ಜಿಯೋ ದೆಲ್ ಮೊಲಿನೋ ಎಂಬ ಲೇಖಕ 2016ರಲ್ಲಿ ಆ ಹೆಸರಿನ ಪುಸ್ತಕ ಬರೆದಿದ್ದಾನೆ. ಅಲ್ಲಿಂದೀಚೆಗೆ ಆ ಮಾತು ಅಲ್ಲಿ ಎಲ್ಲರ ಬಾಯಲ್ಲಿದೆ. ನಾನು ಗಂಭೀರವಾಗುವುದು ಬೇಡವೆಂದು, “ನೀನು ಬಾರ್ಸೆಲೋನದಲ್ಲಿ ಸುತ್ತು, ನಾನು ಬಾರ್ಸೆಲೋರಿನಲ್ಲಿ ಸುತ್ತುತ್ತೇನೆ” ಎಂದು ಬರೆದೆ. ತಮಾಷೆ ಅವನಿಗೆ ಹತ್ತಲಿಲ್ಲ. ಬಸ್ರೂರನ್ನು ಪೋರ್ಚುಗೀಸರು ಬಾರ್ಸೆಲೋರ್ ಎನ್ನುತ್ತಿದ್ದರೆಂದು ಕುಂದಾಪುರದ ಹುಡುಗನಿಗೆ ಕಲಿಸದೆ ಬಿಟ್ಟದ್ದು ಮೇಷ್ಟ್ರ ತಪ್ಪೇ.

ಸಕ್ಕರೆ ಒಂದು ಕಾರಣವಾಯಿತು. ಇನ್ನೊಂದು ಕಾರಣ ನನ್ನ ಮೇಜಿನ ಖಾನೆಯಲ್ಲಿತ್ತು.

ಬಾರಕೂರಿನ ಹತ್ತಿರ, ಸೀತಾನದಿಗೆ ಅಷ್ಟೇನೂ ದೂರವಲ್ಲದ ಕಡೆ, ನಮಗೆ ಒಂದು ಎಕರೆ ಚಿಲ್ಲರೆ ಗದ್ದೆಯಿದೆ. ಅಣ್ಣನ ಹೆಸರೂ ನನ್ನ ಹೆಸರೂ ಅದರ ಪಹಣಿಯಲ್ಲಿವೆ. ಅಪ್ಪಯ್ಯ ತೀರಿಕೊಂಡ ಮೇಲೆ ಬೇಸಾಯ ನಿಂತಿತು. ಹಳೆಯ ಮನೆ ಮೊದಲೇ ಹೋಗಿತ್ತು. ಬೇಸಾಯ ಮಾಡದೆ ಬಿಟ್ಟ ಗದ್ದೆಗೆ ನಮ್ಮ ಕಡೆ ಹಡಿಲು ಎನ್ನುತ್ತಾರೆ. ಒಂಬತ್ತು ವರ್ಷದಿಂದ ಅದು ಹಡಿಲು, ಒಂಬತ್ತು ವರ್ಷದಿಂದ ನಾನು ಅತ್ತ ತಲೆ ಹಾಕಿಲ್ಲ. ಈಗ ಹೊರಗಿನವರೊಬ್ಬರು ಅದನ್ನು ಕೊಳ್ಳಲು ಮುಂದೆ ಬಂದಿದ್ದಾರೆ. ಕೆಂಪುಮಣ್ಣು ತುಂಬಿಸಿ, ಎತ್ತರಿಸಿ, ಸೈಟು ಮಾಡುತ್ತಾರಂತೆ. 2020ರಲ್ಲಿ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಬೇಸಾಯದವನಲ್ಲದವನೂ ಗದ್ದೆ ಕೊಳ್ಳಬಹುದಾಗಿದೆ, ದಾರಿ ಸುಗಮ. ಅಣ್ಣ ಒಪ್ಪಿ ರುಜು ಹಾಕಿ ಕಾಗದ ಕಳುಹಿಸಿದ್ದ. ಸಂಕ್ರಾಂತಿಯೊಳಗೆ ನನ್ನ ರುಜು ಬೀಳಬೇಕಾಗಿತ್ತು.

ಅಣ್ಣನ ಮಾತು ತೆಗೆದುಹಾಕುವ ಬಾಯಿ ನನಗಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆದವನು ಅವನು. ಮೈಸೂರಿನಲ್ಲಿ ನಾನು ಎಂ.ಎ. ಓದಿದ ಎರಡು ವರ್ಷ ತಿಂಗಳ ಮೊದಲ ವಾರ ತಪ್ಪದೆ ಮನಿಯಾರ್ಡರು ಬರುತ್ತಿತ್ತು; ಕೆಳಗಿನ ತುಂಡು ಕಾಗದದಲ್ಲಿ “ಚೆನ್ನಾಗಿ ಓದು” ಎಂದು ಎರಡೇ ಮಾತು, ಅದರಲ್ಲಿ ‘ಚೆ’ಗೆ ಒತ್ತು ಬಿದ್ದು ‘ಛೆ’ ಆಗಿರುತ್ತಿತ್ತು. ಇಂದು ಕನ್ನಡದ ಅಕ್ಷರಶುದ್ಧಿಯ ಮೇಲೆ ನಾನು ಉಣ್ಣುವ ಅನ್ನ ಆ ತಪ್ಪಕ್ಷರದಿಂದ ಬಂದದ್ದು. ಈಗ ಅವನ ಹೋಟೆಲಿರುವ ಹಳೆಯ ಕಟ್ಟಡವನ್ನು ಕೆಡವುತ್ತಾರೆ. ಬೇರೆ ಜಾಗ ಹಿಡಿಯಬೇಕು, ದುಡ್ಡು ಬೇಕು. ಇದರಲ್ಲಿ ಯೋಚಿಸುವುದೇನಿದೆ? ಆದರೂ ರುಜು ಹಾಕುವ ಮೊದಲು ಒಮ್ಮೆ ನೋಡಿಬರಬೇಕೆನ್ನಿಸಿತು. ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಕಾರಿನಲ್ಲಿ ಹೋದರೆ ವ್ಯಾಪಾರಕ್ಕೆ ಹೋದ ಹಾಗೆ. ಸೈಕಲ್ಲಿನಲ್ಲಿ ಹೋದರೆ ಸಕ್ಕರೆ ಇಳಿಸಲು ಹೋದೆನೆಂದು ನನಗೆ ನಾನೇ ಹೇಳಿಕೊಳ್ಳಬಹುದಾಗಿತ್ತು.

ನವೆಂಬರಿನ ಕೊನೆಯ ಒಂದು ಭಾನುವಾರ, ಇನ್ನೂ ಕತ್ತಲಿರುವಾಗಲೇ ಹೊರಟೆ. ಹೆದ್ದಾರಿಯಲ್ಲಿ ನೇರವಾಗಿ ಹೋಗದೆ, ಬಸ್ರೂರು ಮೂರುಕೈಯಲ್ಲಿ ಪೂರ್ವಕ್ಕೆ ತಿರುಗಿ ಒಳದಾರಿ ಹಿಡಿದೆ. ಕೋಣಿ ದಾಟುವಾಗ ಬೆಳಕಾಯಿತು. ಕೊಯ್ಲು ಮುಗಿದ ಗದ್ದೆಗಳ ಮೇಲೆ ಮಂಜು ಕೂತಿತ್ತು. ಆಟದ ತಿರುಗಾಟ ಆಗಷ್ಟೇ ಶುರುವಾದ ದಿನಗಳು. ರಾತ್ರಿಯೆಲ್ಲ ಯಕ್ಷಗಾನ ನೋಡಿದವರು ಶಾಲು ಹೊದ್ದು, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಎದುರಿನಿಂದ ಬರುತ್ತಿದ್ದರು. ಅವರ ಕಣ್ಣಿಗೆ ನಾನು ಇನ್ನೂ ಮುಗಿಯದ ಪ್ರಸಂಗದ ಹಾಸ್ಯಗಾರನಂತೆ ಕಂಡಿರಬೇಕು. ಒಬ್ಬ ಹುಡುಗ ನಕ್ಕೇಬಿಟ್ಟ.

ಬಸ್ರೂರು ಈಗ ಸಾಧಾರಣ ಊರು. ಬಸ್ಸು ನಿಲ್ಲುವ ಕಡೆ ಹೋಟೆಲು, ಔಷಧದಂಗಡಿ, ಕಾಲೇಜಿನ ಮಕ್ಕಳು. ಒಳಗೆ ನಡೆದರೆ ಮಹಾಲಿಂಗೇಶ್ವರನ ಗುಡಿ, ಶಾಸನದ ಕಲ್ಲುಗಳು, ಒಂದರಿಂದೊಂದು ಕವಲೊಡೆಯುವ ಕೇರಿಗಳು. ಆಚೆ ವಾರಾಹಿ ಹೊಳೆ ಸದ್ದಿಲ್ಲದೆ ಹರಿಯುತ್ತದೆ. ಒಂದು ಕಾಲಕ್ಕೆ ಈ ಹೊಳೆಯ ಬಾಯಿಯಿಂದ ಹಡಗುಗಳು ಅರಬಸ್ಥಾನಕ್ಕೆ ಹೋಗುತ್ತಿದ್ದವು. ನಖರ, ಹಂಜಮಾನ ಎಂಬ ವರ್ತಕರ ಕೂಟಗಳ ಹೆಸರು ಇಲ್ಲಿಯ ಶಾಸನಗಳಲ್ಲಿ ಬರುತ್ತದೆ. ತರಗತಿಯಲ್ಲಿ ಇದನ್ನು ಹೇಳುವಾಗ ಮೆಣಸು, ರೇಷ್ಮೆ, ಕುದುರೆ ಎಂದು ಬಣ್ಣಬಣ್ಣದ ಸರಕುಗಳನ್ನೇ ಹೇಳುವುದು ನಮ್ಮ ಅಭ್ಯಾಸ. ನಿಜವಾಗಿ ಈ ಬಂದರು ಬೆಳೆದದ್ದು ಅಕ್ಕಿಯ ಮೇಲೆ. ಸುತ್ತಮುತ್ತಲ ಬಯಲುಗಳಲ್ಲಿ ಬೆಳೆದು, ಕುದಿಸಿ, ಕುಟ್ಟಿ, ಬೈಹುಲ್ಲಿನ ಮುಡಿ ಕಟ್ಟಿದ ಅಕ್ಕಿ ದೋಣಿಯಲ್ಲಿ ಇಳಿದು ಬಂದು ಇಲ್ಲಿ ಹಡಗು ಹತ್ತುತ್ತಿತ್ತು. ಗೋವೆಯ ಪೋರ್ಚುಗೀಸರಿಗೆ ಈ ಅಕ್ಕಿಯಿಲ್ಲದೆ ನಡೆಯುತ್ತಿರಲಿಲ್ಲ. ಬಸ್ರೂರಿನಿಂದ ವರ್ಷವರ್ಷ ಅಕ್ಕಿಯನ್ನೇ ಕಪ್ಪವಾಗಿ ಕಟ್ಟಿಸಿಕೊಂಡರು. 1569ರಲ್ಲಿ ಅವರ ವೈಸರಾಯ್ ಲೂಯಿಸ್ ದ ಅತಾಯಿದೆ ಬಂದು ಬಂದರನ್ನು ಹಿಡಿದ. ಹೊಳೆಯ ಕೆಳಗಣ ಭಾಗದಲ್ಲಿ ಕೋಟೆ ಎದ್ದಿತು. 1580ರಲ್ಲಿ ಪೋರ್ಚುಗಲ್ಲಿನ ಪಟ್ಟ ಸ್ಪೇನಿನ ಅರಸ ಎರಡನೆಯ ಫಿಲಿಪನಿಗೆ ಹೋಯಿತು. 1640ರವರೆಗೆ, ಅರವತ್ತು ವರ್ಷ, ಎರಡು ದೇಶಗಳಿಗೂ ಒಬ್ಬನೇ ದೊರೆ. ಅಂದರೆ ಮ್ಯಾಡ್ರಿಡ್ಡಿನಲ್ಲಿ ಕೂತ ಅರಸನೊಬ್ಬನ ಹೆಸರಿನಲ್ಲಿ ನಮ್ಮ ಹೊಳೆಯ ದಡದ ಕೋಟೆಯವರು ಕುಚ್ಚಲಕ್ಕಿ ಅಳೆಸಿಕೊಂಡಿದ್ದಾರೆ. ಶಿಷ್ಯನಿಗೆ ಇದನ್ನು ಬರೆಯಬೇಕೆಂದುಕೊಂಡೆ.

1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಇಕ್ಕೇರಿಯಿಂದ ಘಟ್ಟ ಇಳಿದು ಇಲ್ಲಿಗೆ ಬಂದ. ಮೇಲಿನ ಬಾರ್ಸೆಲೋರ್ ವೆಂಕಟಪ್ಪ ನಾಯಕನದು, ಕೆಳಗಿನದು ಪೋರ್ಚುಗೀಸರದು ಎಂದು ಬರೆದಿಟ್ಟಿದ್ದಾನೆ. ಮೂವತ್ತು ವರ್ಷಗಳ ಆಸುಪಾಸಿನಲ್ಲಿ ಶಿವಪ್ಪ ನಾಯಕ ಕೋಟೆಯನ್ನು ಕಿತ್ತುಕೊಂಡ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಪಡೆಯೊಂದಿಗೆ ಬಂದು ಊರನ್ನು ಸೂರೆಮಾಡಿಕೊಂಡು ಹೋದ. ಸೂರೆಗೆ ಬರುವವರು ಖಾಲಿ ಊರಿಗೆ ಬರುವುದಿಲ್ಲ. ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಸಕ್ಕರೆ ಹಾಕದ ಚಹ ಕುಡಿದೆ. ಇಡ್ಲಿಯ ಅಕ್ಕಿ ಎಲ್ಲಿಯದೆಂದು ಸುಮ್ಮನೆ ಕೇಳಿದೆ. ಘಟ್ಟದ ಮೇಲಿಂದ ಬರುತ್ತದೆ ಎಂದರು.

ಬಸ್ರೂರಿನಿಂದ ದಕ್ಷಿಣಕ್ಕೆ, ಕಾಳಾವರ, ಬಿದ್ಕಲ್‌ಕಟ್ಟೆ, ಶಿರಿಯಾರದ ಕಡೆಯ ಒಳದಾರಿಗಳಲ್ಲಿ ಆ ಸೈಕಲ್ಲು ಯಾತಕ್ಕಾಗಿ ಹುಟ್ಟಿದೆಯೆಂದು ನನಗೆ ತಿಳಿಯಿತು. ಡಾಂಬರು ಬಿಟ್ಟು ಮುರಕಲ್ಲಿನ ದಾರಿಗೆ ಇಳಿದೆ. ಎರಡೂ ಪಕ್ಕ ಆಳೆತ್ತರದ ದರೆ, ಮೇಲೆ ಬಿದಿರು, ಕೆಳಗೆ ಮಳೆಗಾಲದಲ್ಲಿ ನೀರು ಕೊರೆದ ಸಾಲುಗಳು. ಮುಂದಿನ ಸ್ಪ್ರಿಂಗು ಮುಲುಗುತ್ತ ಎಲ್ಲವನ್ನೂ ನುಂಗಿಕೊಂಡಿತು. ಮೊದಲ ಏರಿನಲ್ಲಿ ಮೂರನೆಯ ಗೇರೊಂದನ್ನು ಕಂಡುಹಿಡಿದೆ. ಕಾಲು ಗಿರ್ರನೆ ತಿರುಗುತ್ತದೆ, ಸೈಕಲ್ಲು ಬಸವನಹುಳುವಿನ ಹಾಗೆ ಹೋಗುತ್ತದೆ, ಆದರೆ ಹೋಗುತ್ತದೆ. ಇಳಿಜಾರು ಬಂದಾಗ ನಲವತ್ತಾರು ವರ್ಷ ಎಲ್ಲಿಗೋ ಹೋದವು. ಒಂದು ತೋಡಿಗೆ ಸೇತುವೆ ಇರಲಿಲ್ಲ, ಎರಡು ಅಡಿಕೆಮರದ ಕಾಲುಸಂಕ. ಸೈಕಲ್ಲನ್ನು ಹೆಗಲಿಗೇರಿಸಿ, ಒಂದೊಂದೇ ಹೆಜ್ಜೆಯಿಟ್ಟು, ಮನೆದೇವರನ್ನು ನೆನೆದು ದಾಟಿದೆ. ಮನೆಯಲ್ಲಿ ಇದನ್ನು ಹೇಳಿಲ್ಲ. ಇಲ್ಲಿ ಓದಿ ತಿಳಿದುಕೊಳ್ಳಲಿ.

ನೆಲದ ಏರಿಳಿತ ಕಾರಿನವನಿಗೆ ತಿಳಿಯುವುದಿಲ್ಲ, ಸೈಕಲ್ಲಿನವನ ತೊಡೆಗೆ ತಿಳಿಯುತ್ತದೆ. ಅಪ್ಪಯ್ಯ ಹೇಳುತ್ತಿದ್ದ ಬೈಲು, ಮಜಲು, ಬೆಟ್ಟು ಎಂಬ ಮೂರು ಮಾತುಗಳ ಅರ್ಥ ಆ ದಿನ ನನ್ನ ಕಾಲಿಗೆ ಸಿಕ್ಕಿತು. ಉಸಿರು ಕಟ್ಟಿಸಿ ಹತ್ತಿಸಿದ ಜಾಗ ಬೆಟ್ಟು. ಮಳೆಯ ನೀರೊಂದೇ ಗತಿ, ಒಂದು ಬೆಳೆ. ಅದರ ಕೆಳಗೆ ಮಜಲು, ಎರಡು ಬೆಳೆ. ತುಳಿಯದೆಯೇ ಸೈಕಲ್ಲು ಜಾರಿಕೊಂಡು ಹೋಗಿ ನಿಲ್ಲುವ ತಗ್ಗು ಬೈಲು. ನೀರು ಅಲ್ಲೇ ನಿಲ್ಲುತ್ತದೆ, ಮೂರು ಬೆಳೆಯನ್ನೂ ಕಂಡ ನೆಲ. ಕೆಲವು ಬೈಲುಗಳಲ್ಲಿ ಹೊರಗಿನಿಂದ ಬಂದ ಕಟಾವಿನ ಯಂತ್ರ ಕೊನೆಯ ಗದ್ದೆಗಳನ್ನು ಕೊಯ್ಯುತ್ತಿತ್ತು. ಗಂಟೆಗಿಷ್ಟೆಂದು ಬಾಡಿಗೆ. ಯಜಮಾನರು ಅಂಚಿನ ಮೇಲೆ ನಿಂತು ಗದ್ದೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಗಡಿಯಾರವನ್ನು ನೋಡುತ್ತಿದ್ದರು. ಕೆಲವರು ಬೆಟ್ಟಿನಲ್ಲಿ ನೆಲಗಡಲೆಗೆ ಮಣ್ಣು ಹದ ಮಾಡುತ್ತಿದ್ದರು. ನಡುನಡುವೆ, ಹಲ್ಲು ಬಿದ್ದ ಬಾಯಿಯ ಹಾಗೆ, ಹಡಿಲು. ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ದೂರದಿಂದ ನೋಡಿದರೆ ಹಡಿಲು ಗದ್ದೆ ಕೊಯ್ದ ಗದ್ದೆಗಿಂತ ಅಂದವಾಗಿರುತ್ತದೆ. ಆಳುದ್ದದ ಹುಲ್ಲು, ತುದಿಯಲ್ಲಿ ಬೆಳ್ಳಗಿನ ತೆನೆ, ಬೆಳಗಿನ ಬಿಸಿಲು, ಎದ್ದು ಹಾರುವ ಬೆಳ್ಳಕ್ಕಿ. ನಾನು ಎರಡು ಕಡೆ ಸೈಕಲ್ ನಿಲ್ಲಿಸಿ ಫೋಟೋ ತೆಗೆದೆ. ತೆಗೆದ ಮೇಲೆ ತೆರುಯೆಲಿನ ಚಿತ್ರಗಳು ನೆನಪಾದವು. ಫೋನು ಕಿಸೆಗೆ ಹಾಕಿದೆ.

ಮಂದಾರ್ತಿಯ ಈಚೆ ಬಿದಿರುಮುಳ್ಳು ಹಿಂದಿನ ಟೈರಿಗೆ ನಾಟಿತು. ಮೋಟಾರುಸೈಕಲ್ ರಿಪೇರಿಯ ಹುಡುಗ ಭಾನುವಾರವಾದರೂ ಬಾಗಿಲು ತೆರೆದು ತೇಪೆ ಹಾಕಿಕೊಟ್ಟ. “ಇದಕ್ಕೆ ಎಷ್ಟಾಯ್ತ್ ಸರ್?” ಎಂದು ಸೈಕಲ್ಲಿನ ಬೆಲೆ ಕೇಳಿದ. ಹೇಳಿದೆ. “ಈ ದುಡ್ಡಿಗೆ ಹಳೆ ಬೈಕೇ ಬತ್ತಿತ್ತ್ ಅಲ್ದಾ” ಎಂದು ನಿಟ್ಟುಸಿರುಬಿಟ್ಟ.

ಬಾರಕೂರನ್ನು ನಾನು ಹೆಚ್ಚು ವರ್ಣಿಸುವುದಿಲ್ಲ. ಅದು ಎಲ್ಲರೂ ವರ್ಣಿಸಿದ ಊರು. ಆಳುಪರ ರಾಜಧಾನಿ, ವಿಜಯನಗರದ ಕಾಲಕ್ಕೆ ಒಂದು ರಾಜ್ಯದ ಮುಖ್ಯಪಟ್ಟಣ, ಬಾರಕೂರು ಗದ್ಯಾಣವೆಂದು ಊರಿನ ಹೆಸರಿನ ನಾಣ್ಯವೇ ಇತ್ತು. ಕತ್ತಲೆ ಬಸದಿಯ ಮುರಕಲ್ಲಿನ ಗೋಡೆಗಳ ಸುತ್ತ ಈಗ ಹುಲ್ಲು ಕತ್ತರಿಸಿ ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಇಬ್ನ್ ಬತೂತ 1340ರ ಸುಮಾರಿಗೆ ಇಲ್ಲಿಗೆ ಬಂದು, ಫಾಕನೂರ್ ಎಂದು ಕರೆದು, ಇಲ್ಲಿಯ ಕಬ್ಬನ್ನು ಹೊಗಳಿದ. ಚಕ್ರವರ್ತಿಗಳ ಹೆಸರು ಉಳಿಯಲಿ ಬಿಡಲಿ, ದಾರಿಹೋಕನಿಗೆ ನೆನಪಿನಲ್ಲಿ ಉಳಿದದ್ದು ಬೆಳೆ.

ನಮ್ಮ ಗದ್ದೆಯೂ ಈ ಊರಿನ ಬಳಿಯದೇ; ಆದರೆ ಅದು ಎಂದೂ ನಮ್ಮದಾಗಿರಲಿಲ್ಲ. ಅಜ್ಜಯ್ಯ ಗೇಣಿ ಒಕ್ಕಲು. ಬೆಳೆದದ್ದರಲ್ಲಿ ಹೆಚ್ಚಿನದು ಮುಡಿ ಕಟ್ಟಿ ಧಣಿಗಳ ಮನೆಗೆ ಹೋಗುತ್ತಿತ್ತು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಅಜ್ಜಯ್ಯನೂ ಎಲ್ಲರಂತೆ ಹೆದರುತ್ತ ಹೆದರುತ್ತ ಡಿಕ್ಲರೇಶನ್ ಹಾಕಿದರು. ಕೆಲವು ವರ್ಷಗಳಾದ ಮೇಲೆ ನ್ಯಾಯಮಂಡಳಿಯ ಆದೇಶ ಬಂತು. ಅಪ್ಪಯ್ಯ ಹೇಳುತ್ತಿದ್ದರು: ಆ ದಿನ ಅಜ್ಜಯ್ಯ ಪೇಟೆಯಿಂದ ಹೊಸ ಚಪ್ಪಲಿ ತಂದು, ಮೆಟ್ಟಿಕೊಂಡು, ಗದ್ದೆಯ ಅಂಚಿನ ಮೇಲೆ ಒಂದು ಸುತ್ತು ಬಂದರಂತೆ. ಅದುವರೆಗೆ ಧಣಿಗಳ ಗದ್ದೆಯ ಮೇಲೆ ಅವರು ಚಪ್ಪಲಿಕಾಲಿಟ್ಟವರಲ್ಲ. ಸುತ್ತು ಮುಗಿಸಿ ಬಂದು ಚಪ್ಪಲಿಯನ್ನು ಅಟ್ಟದ ಮೇಲೆ ಇಟ್ಟುಬಿಟ್ಟರು, ಮತ್ತೆ ಮೆಟ್ಟಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಮಾತು ಅಜ್ಜಯ್ಯನಿಗೆ ತಂದುಕೊಟ್ಟ ನೆಲ ಅದು. ಉಳದವನಾದ ನಾನು ಅದಕ್ಕೆ ಈಗ ಒಡೆಯ.

ಇದರಲ್ಲಿ ಇನ್ನೊಂದು ಸುಳಿಯಿದೆ. ಆ ಕಾಯಿದೆ ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಹೀಗಾಗಿ, ತಾನು ಮಾಡಲಾಗದಿದ್ದರೆ ಇನ್ನೊಬ್ಬರಿಗೆ ಮಾಡಲು ಕೊಡೋಣವೆಂದರೆ, ಕೊಡುವವನಿಗೆ ಭಯ. “ಯಾರಿಗೂ ಬಿಡಬೇಡ. ನಾಳೆ ಅವರೇ ಹಕ್ಕು ಹೇಳಿಯಾರು” ಎಂದು ಅಣ್ಣ ಅಪ್ಪಯ್ಯನ ವರ್ಷಾಂತಿಕದ ದಿನವೇ ಹೇಳಿದ್ದ. ನಮ್ಮ ಅಜ್ಜ ಹಕ್ಕು ಹೇಳಿಯೇ ಪಡೆದ ಗದ್ದೆಯಲ್ಲವೇ ಎಂದು ನಾನು ಆಗ ಕೇಳಲಿಲ್ಲ. 2021ರಲ್ಲಿ ಉಡುಪಿಯ ಸುತ್ತ ಹಡಿಲು ಗದ್ದೆಗಳಲ್ಲಿ ಮತ್ತೆ ಬೇಸಾಯ ಮಾಡಿಸುವ ಆಂದೋಲನ ನಡೆದಾಗ ಕಾಲೇಜಿನ ಹುಡುಗರನ್ನು ಕರೆದುಕೊಂಡು ನಾನೂ ನಟ್ಟಿಗೆ ಹೋಗಿದ್ದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅನ್ನದ ಮಹಿಮೆಯ ಮೇಲೆ ಹತ್ತು ನಿಮಿಷ ಮಾತಾಡಿದೆ. ನನ್ನದೂ ಒಂದು ಹಡಿಲು ಇದೆಯೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮಣ್ಣುದಾರಿ ಮುಗಿದಲ್ಲಿ ಸೈಕಲ್ ಇಳಿದು ಅಂಚಿನ ಮೇಲೆ ತಳ್ಳಿಕೊಂಡು ಹೋದೆ. ಮೇಲಿನ ಎರಡು ಮಜಲು ಗದ್ದೆಗಳು ನಾನು ಹೆದರಿದಂತೆಯೇ ಇದ್ದವು. ನಾಚಿಕೆಮುಳ್ಳು, ಆಳೆತ್ತರ ಹುಲ್ಲು, ನಡುವೆ ಎರಡು ಮೂರು ಅಕೇಶಿಯಾ ಸಸಿಗಳು ಕೂಡ ಎದ್ದಿದ್ದವು. ಕೆಳಗಿನ ಬೈಲು ಗದ್ದೆಯನ್ನು ನೋಡಿ ಮಾತ್ರ ದಾರಿ ತಪ್ಪಿದೆನೇನೋ ಎಂದುಕೊಂಡೆ. ಅಲ್ಲಿ ಕೊಯ್ದ ಕೂಳೆ ಸಾಲುಸಾಲಾಗಿ ನಿಂತಿತ್ತು. ಅಂಚಿಗೆ ಹೊಸ ಮಣ್ಣು ಮೆತ್ತಿದ್ದರು. ಒಂದು ಮೂಲೆಯಲ್ಲಿ ಸುಗ್ಗಿಯ ಅಗೆ ಗಿಳಿಹಸುರಾಗಿ ಎದ್ದಿತ್ತು. ಒಬ್ಬ ಹೆಂಗಸು ಬಗ್ಗಿ ತೋಡಿನ ನೀರಿಗೆ ಅಡ್ಡ ಕಟ್ಟುತ್ತಿದ್ದವರು ಸೈಕಲ್ಲಿನ ಸದ್ದಿಗೆ ಎದ್ದು ನಿಂತರು.

ಮೊದಲು ನಮ್ಮ ಮನೆಗೆ ನಟ್ಟಿಗೆ ಬರುತ್ತಿದ್ದವರು. ಈಗ ಅರವತ್ತೈದಾಗಿರಬೇಕು. ಹಣೆಗೆ ಕೈಯಿಟ್ಟು ನೋಡಿ, “ಅಯ್ಯನ ಸಣ್ ಮಗ ಅಲ್ದಾ?” ಎಂದರು. “ಹೌದಕ್ಕ” ಎಂದೆ. ಗುರುತು ಸಿಕ್ಕಿದ ಸಂತೋಷ ಆ ಮುಖದಲ್ಲಿ ಎರಡು ಗಳಿಗೆಯಷ್ಟೇ ಇತ್ತು. ಆಮೇಲೆ ಅದು ಬೇರೆಯಾಯಿತು. ಕೈಯಲ್ಲಿದ್ದ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, “ಕೇಳ್ದೆ ಮಾಡಿದ್ ತಪ್ಪಾಯ್ತಾ ಮಾಷ್ಟ್ರೇ?” ಎಂದರು.

ನಾನು ಏನು ಹೇಳಲಿ? ಅವರು ಒಂದೇ ಉಸಿರಿಗೆ ಹೇಳತೊಡಗಿದರು. ಈ ಗದ್ದೆ ಹಡಿಲು ಬಿದ್ದರೆ ಅಂಚು ಒಡೆದು ಅವರ ಗದ್ದೆಗೂ ನೀರು ನಿಲ್ಲುವುದಿಲ್ಲ. ಇಲಿ, ಹೆಗ್ಗಣ ಇಲ್ಲಿಂದಲೇ ಅಲ್ಲಿಗೆ. ಮೂರು ವರ್ಷ ನೋಡಿದರಂತೆ. ನಾಲ್ಕನೆಯ ವರ್ಷ ಮಗ ಬೇಡವೆಂದರೂ ತಾವೇ ಅಂಚು ಕಟ್ಟಿದರು. ಅಂಚು ಕಟ್ಟಿದ ಮೇಲೆ ಸುಮ್ಮನೆ ಬಿಡಲು ಮನಸ್ಸು ಬರಲಿಲ್ಲ. “ಕಾಗ್ದ ಗೀಗ್ದ ಎಂತ ಮಾಡ್ಲಿಲ್ಲ. ನೀವ್ ಬೇಡ ಅಂದ್ರೆ ಸುಗ್ಗಿ ನಟ್ಟಿ ಬಿಟ್ ಬಿಡ್ತೆ. ಅಗೆ ಮಾತ್ರ ಹಾಕಿ ಆಯ್ತಲ್ದಾ...” ಎಂದು ಆ ಹಸಿರು ಮೂಲೆಯ ಕಡೆ ನೋಡಿದರು.

ಧಣಿಗಳ ಮನೆಯವರು ಕುದುರೆಗಾಡಿಯಲ್ಲಿ ಬಂದು ಇಳಿದಾಗ ಅಜ್ಜಯ್ಯ ಇದೇ ಅಂಚಿನ ಮೇಲೆ, ಹೀಗೆಯೇ, ಕೈ ಒರೆಸಿಕೊಂಡು ನಿಂತಿರಬೇಕು. ಕುದುರೆಗಾಡಿಯ ಬದಲು ಇಪ್ಪತ್ತೊಂದು ಗೇರಿನ ಸೈಕಲ್ಲು. ಕಾಲಿನಲ್ಲಿ ಬೂಟು ಬೇರೆ.

“ಸುಮ್ನೆ ಸೈಕಲ್ಲಲ್ಲಿ ಬಂದದ್ದಕ್ಕ. ಸಕ್ಕರೆ ಕಾಯಿಲೆ, ಡಾಕ್ಟ್ರು ಹೇಳಿದ್ರು” ಎಂದೆ. ಮಾರುವ ಮಾತು ಬಾಯಿಗೆ ಬರಲಿಲ್ಲ. ಅವರ ಮುಖ ಸ್ವಲ್ಪ ತಿಳಿಯಾಯಿತು. ಮನೆಗೆ ಕರೆದುಕೊಂಡು ಹೋಗಿ, “ಬನಿ, ಕೂಕಣಿ” ಎಂದು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಬೆಳೆದದ್ದು ಎಂ.ಒ. ನಾಲ್ಕು, ಕೆಂಪು ಅಕ್ಕಿ. ಮನೆಗೆ ಸಾಕಾಗಿ ಸ್ವಲ್ಪ ಉಳಿದಿದೆ ಎಂದರು. ಹೊರಡುವಾಗ ಒಳಗಿನಿಂದ ಒಂದು ಬಟ್ಟೆಯ ಚೀಲ ತಂದರು. ಐದು ಸೇರಾದರೂ ಇದ್ದೀತು. ನಾನು ಬೇಡವೆಂದೆ. “ತಕಣಿ ಮಾಷ್ಟ್ರೇ. ನಿಮ್ದೇ ಗದ್ದಿದ್” ಎಂದರು. ಇದು ಪ್ರೀತಿಯ ಉಡುಗೊರೆಯೋ ಗೇಣಿಯೋ ಎಂದು ನಾನು ಅವರ ಮುಖ ನೋಡಿದೆ. ಅವರಿಗೂ ಅದು ಗೊತ್ತಿದ್ದಂತೆ ಕಾಣಲಿಲ್ಲ. ಸೈಕಲ್ಲಿಗೆ ಕ್ಯಾರಿಯರಿಲ್ಲ. ಚೀಲವನ್ನು ಬೆನ್ನಿನ ಚೀಲದೊಳಗೆ ತುರುಕಿ, ಹಗ್ಗದಿಂದ ಹೊಟ್ಟೆಗೆ ಕಟ್ಟಿಕೊಂಡು ಹೊರಟೆ.

ವಾಪಸ್ಸು ಬಂದದ್ದು ಹೆದ್ದಾರಿಯಲ್ಲಿ. ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕೋಟೇಶ್ವರ: ಬಿಸಿಲು, ಲಾರಿ, ಹೊಗೆ. ಹೇಳುವಂಥದ್ದು ಏನೂ ಇಲ್ಲ, ಬೆನ್ನಿನ ಮೇಲೆ ಅಕ್ಕಿ ಭಾರವಾಗಿತ್ತು ಎಂಬುದರ ಹೊರತು.

ರಾತ್ರಿ ಅಣ್ಣ ಫೋನು ಮಾಡಿದ. “ನೋಡಿ ಬಂದ್ಯಾ? ಹ್ಯಾಂಗಿದೆ? ಯಾರಾದ್ರೂ ಒಳಗೆ ಹೊಕ್ಕಿದ್ದಾರಾ?” ಎಂದು ಕೇಳಿದ. ನಾನು ಅಡಿಗೆಮನೆಯ ಕಡೆ ನೋಡಿದೆ; ಹೆಂಡತಿ ಆ ಅಕ್ಕಿಯನ್ನು ಮೊರಕ್ಕೆ ಹಾಕಿ ನೋಡುತ್ತಿದ್ದಳು. ಸುಳ್ಳು ಹೇಳಿದರೆ ಅಣ್ಣನಿಗೆ ಮೋಸ, ನಿಜ ಹೇಳಿದರೆ ಅಕ್ಕನಿಗೆ ಮೋಸ. “ಅಣ್ಣಾ, ಮೇಲಿನ ಎರಡು ಗದ್ದೆ ಹಡಿಲು. ಕೆಳಗಿನದರಲ್ಲಿ ಬೆಳೆದಿದ್ದಾರೆ. ಅಕ್ಕಿ ಕೊಟ್ಟಿದ್ದಾರೆ” ಎಂದೆ. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಹಿಂದೆ ಹೋಟೆಲಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. ಕೊನೆಗೆ, “ಯಾವ ಅಕ್ಕಿ?” ಎಂದ.

ಮುಂಬಯಿಗೆ ಹೋಗುವ ಬಸ್ಸಿನಲ್ಲಿ ಎರಡು ಸೇರು ಕಳುಹಿಸಿದೆ. ವಾರ ಬಿಟ್ಟು ಫೋನು ಬಂತು. ಗಂಜಿ ಮಾಡಿಸಿದನಂತೆ, ಉಪ್ಪಿನಕಾಯಿ ಹಾಕಿಕೊಂಡು ಉಂಡನಂತೆ. ಅಪ್ಪಯ್ಯನ ಅಟ್ಲಾಸಿನ ಬಾರಿನ ಮೇಲೆ ಕೂತಾಗ ಪೃಷ್ಠ ನೋಯುತ್ತಿದ್ದದ್ದನ್ನು ಹೇಳಿ ನಕ್ಕ. ಹೋಟೆಲಿಗೆ ಜಾಗ ಇನ್ನೂ ಸಿಕ್ಕಿಲ್ಲ, ಮುಂಗಡ ಹೆಚ್ಚು ಕೇಳುತ್ತಾರೆ ಎಂದ. ಮೇಲಿನ ಎರಡು ಗದ್ದೆ ಮಾತ್ರ ಕೊಟ್ಟರೆ ಕೊಳ್ಳುವವರು ಒಪ್ಪುತ್ತಾರೋ ಕೇಳಿ ನೋಡು ಎಂದ. ಮೇಲೆ ಮಣ್ಣು ತುಂಬಿದರೆ ಕೆಳಗಿನದಕ್ಕೆ ನೀರು ಹೇಗೆ ಬರುತ್ತದೆಂದು ನಾನು ಕೇಳಿದೆ. ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ, ನನ್ನ ಬಳಿ ದುಡ್ಡಿರಲಿಲ್ಲ. ನನ್ನ ಭವಿಷ್ಯನಿಧಿಯಿಂದ ಎಷ್ಟು ಸಾಲ ಸಿಕ್ಕೀತೆಂದು ಕಾಲೇಜಿನ ಗುಮಾಸ್ತರನ್ನು ವಿಚಾರಿಸಿದ್ದೇನೆ. ಅಣ್ಣನಿಗೆ ಬೇಕಾದದ್ದರಲ್ಲಿ ಮೂರನೆಯ ಒಂದು ಪಾಲೂ ಆಗುವುದಿಲ್ಲ.

ಸಂಕ್ರಾಂತಿಗೆ ಇನ್ನು ಹದಿನೆಂಟು ದಿನ. ಕಾಗದ ಖಾನೆಯಲ್ಲೇ ಇದೆ. ಸುಗ್ಗಿ ನಟ್ಟಿ ಮುಗಿಯಿತೆಂದು ಅಕ್ಕನ ಮಗ ಫೋನಿನಲ್ಲಿ ತಿಳಿಸಿದ. ಬರುವ ಭಾನುವಾರ ಮತ್ತೆ ಹೋಗಬೇಕೆಂದಿದ್ದೇನೆ. ಮಂದಾರ್ತಿಯ ಹುಡುಗ ಹಾಕಿದ ತೇಪೆ ಗಾಳಿ ಬಿಡುತ್ತಿದೆ, ಅದಕ್ಕೂ ಮೊದಲು ಟ್ಯೂಬು ಬದಲಿಸಬೇಕು. ಅಂಗಡಿಯವನಿಗೆ ಒಂದು ಕ್ಯಾರಿಯರನ್ನೂ ಹೇಳಿದ್ದೇನೆ. ಬೆಟ್ಟ ಹತ್ತುವ ಸೈಕಲ್ಲಿಗೆ ಕ್ಯಾರಿಯರು ಹಾಕುವ ಕ್ರಮವಿಲ್ಲವೆಂದು ಅವನು ವಾದಿಸುತ್ತಿದ್ದಾನೆ.